ಲುಸೈಲ್‌ನಲ್ಲಿ ನೆಲ ಮುಟ್ಟಿದ ಸಂಜೆ

ಶನಿವಾರ ಮಧ್ಯಾಹ್ನ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿರುವ ನನ್ನ ತಂಗಿಯ ಮನೆಯಿಂದ ಹೊರಟೆವು. ಹೊರಟವರು ಇಬ್ಬರೇ: ನಾನು ಮತ್ತು ತಂಗಿಯ ಏಳು ವರ್ಷದ ಮಗಳು ಶ್ರಾವ್ಯ. ದೋಹಾದ ಪಕ್ಕದ ಹೊಸ ನಗರ ಲುಸೈಲ್‌ನ ಸಭಾಂಗಣವೊಂದರಲ್ಲಿ ಮಿರೇಲಾ ಎಂಬ ಹೆಸರಾಂತ ಬ್ಯಾಲೆ ನರ್ತಕಿ ತಮ್ಮ ಬದುಕಿನ ಕಥೆಯನ್ನು ಮಕ್ಕಳಿಗೆ ಹೇಳುವವರಿದ್ದರು. ಧಾರವಾಡದಿಂದ ಬಂದು ವಾರವಾಗಿದ್ದ ನನಗೂ ಮಗುವಿನಷ್ಟೇ ಹಿಗ್ಗು.

“ಯಲ್ಲಾ, ಯಲ್ಲಾ! ಲಗೂ ನಡೀರಿ ಅಕ್ಕಾರ. ಕೈ ಮಾಡಿದ್ರ ನಿಂದ್ರಾಕ ಮೆಟ್ರೋ ಏನ್ ನಿಮ್ಮೂರ ಬಸ್ಸಲ್ಲ,” ಎಂದು ತಂಗಿಯ ಗಂಡ ಬಾಗಿಲಲ್ಲೇ ಚುಡಾಯಿಸಿದ.

ಬೂಟು ಹಾಕಿಕೊಳ್ಳುತ್ತ ಶ್ರಾವ್ಯ ಕರಾರು ಹಾಕಿದಳು. “ದೊಡ್ಡಮ್ಮ, ನನ್ನ ಸ್ಟೇಜ್ ಮ್ಯಾಲೆ ಕಳಸಬಾರ್ದು. ಪ್ರಾಮಿಸ್?”

ಮಾತು ಕೊಟ್ಟೆ. ನವೆಂಬರಿನಲ್ಲಿ ಇಲ್ಲಿಯ ಕನ್ನಡಿಗರ ಕಾರ್ಯಕ್ರಮದಲ್ಲಿ ಭರತನಾಟ್ಯ ಮಾಡುವಾಗ ಅವಳು ಜಾರಿ ಬಿದ್ದಿದ್ದಳು. ಮುಂದಿನ ಸಾಲಿನ ಮಕ್ಕಳು ನಕ್ಕಿದ್ದರು. ಅಂದಿನಿಂದ ಗೆಜ್ಜೆ ಕಪಾಟಿನ ಮೇಲಿತ್ತು. ಹೀಗೇ ಬಿಟ್ಟರೆ ಮಗಳು ಕುಣಿತವನ್ನೇ ಮರೆತಾಳೆಂಬ ಚಿಂತೆ ತಂಗಿಗೆ.

ಫೆಬ್ರವರಿಯ ಬಿಸಿಲು ಹಿತವಾಗಿತ್ತು, ಗಾಳಿಯಲ್ಲಿ ಮಾತ್ರ ನುಣ್ಣನೆಯ ಧೂಳು. ಟಿಕೆಟ್ಟಿಗೆ ಎರಡು ರಿಯಾಲ್. ಕುಟುಂಬದವರ ಬೋಗಿಯಲ್ಲಿ ಕಿಟಕಿ ಪಕ್ಕ ಕೂತು, ತಂಗಿ ಕಟ್ಟಿಕೊಟ್ಟ ಅವಲಕ್ಕಿ ಚೂಡಾವನ್ನು ಇಳಿದ ಮೇಲೆ ತಿನ್ನುವುದೆಂದು ಒಪ್ಪಂದ ಮಾಡಿಕೊಂಡೆವು, ರೈಲಿನೊಳಗೆ ತಿನ್ನುವಂತಿಲ್ಲ. ಬಹಳ ಹೊತ್ತು ನೆಲದಡಿಯ ಕತ್ತಲು. ಆಮೇಲೆ ರೈಲು ಮೇಲಕ್ಕೇರಿ ಬೆಳಕಿಗೆ ಬಂದಾಗ ಗಾಜಿನ ಕಟ್ಟಡಗಳು, ಕ್ರೇನುಗಳು ಒಮ್ಮೆಲೇ ಎದುರಾದವು. ಶ್ರಾವ್ಯ ಕಿಟಕಿಗೆ ಮೂಗೊತ್ತಿ ಕೂಗಿದಳು.

ಸಭಾಂಗಣ ತುಂಬಿತ್ತು. ನಾವು ಕೂತದ್ದು ಎರಡನೇ ಸಾಲಿನ ತುದಿಯಲ್ಲಿ. ಮುಂದೆ ನಡೆದದ್ದರಲ್ಲಿ ಕಂಡಷ್ಟನ್ನೇ ಬರೆಯುತ್ತೇನೆ.

ಮಿರೇಲಾ ಎಪ್ಪತ್ತು ದಾಟಿದವರು, ಕಡ್ಡಿಯಂತೆ ನೆಟ್ಟಗಿದ್ದರು. ಮಕ್ಕಳಿಗೆ ತಿಳಿಯುವಂಥ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಹಿಮ ಬೀಳುವ ಸಣ್ಣ ಊರು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಡುಗೆಮನೆಯ ಕುರ್ಚಿ ಹಿಡಿದು ಹುಡುಗಿ ತುದಿಗಾಲಲ್ಲಿ ನಿಲ್ಲುವುದನ್ನು ಕಲಿತಳು. ಮುಂದೆ ದೊಡ್ಡ ದೊಡ್ಡ ನಗರಗಳ ವೇದಿಕೆಗಳಲ್ಲಿ ಹಂಸವಾದಳು, ಬೆಂಕಿಯಾದಳು, ರಾಣಿಯಾದಳು. “ಹೀಗೆ ನಿಲ್ಲುತ್ತಿದ್ದೆ,” ಎಂದು ಅವರು ಪಕ್ಕದ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿದರು.

ಕುರ್ಚಿ ಜಾರಿತು. ಅವರು ಧೊಪ್ಪನೆ ಕುಸಿದು ಕೂತರು.

ನಾನು ಎದ್ದು ನಿಲ್ಲುವಷ್ಟರಲ್ಲಿ ನನ್ನ ಪಕ್ಕದ ಸೀಟು ಖಾಲಿ. ಶ್ರಾವ್ಯ ವೇದಿಕೆಯ ಮೆಟ್ಟಿಲ ಬಳಿ ಬೂಟು ಕಿತ್ತು ಹಾಕುತ್ತಿದ್ದಳು. ಅಷ್ಟು ಅವಸರದಲ್ಲೂ ಬಗ್ಗಿ ಬಲಗೈಯಿಂದ ವೇದಿಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆಯೇ ಓಡಿ ಎರಡೂ ಕೈ ಚಾಚಿದಳು. ಸಂಘಟಕರು ಬಂದದ್ದು ಅದರ ನಂತರ.

“ಪೆಟ್ಟೇನಿಲ್ಲ,” ಎಂದು ಮಿರೇಲಾ ಅವರನ್ನು ತಡೆದು ಶ್ರಾವ್ಯಳನ್ನು ನೋಡಿದರು. “ಅಲ್ಲಿ ಏನು ಮಾಡಿದೆ?”

“ನೆಲಕ್ಕೆ ಸಾರಿ ಹೇಳಿದೆ. ತುಳೀತೀವಲ್ಲ, ಅದಕ್ಕೆ.”

“ಹೇಳಿದರೆ ಅದು ಬೀಳಿಸುವುದಿಲ್ಲವೋ?”

“ಬೀಳಿಸುತ್ತೆ. ನನ್ನನ್ನೂ ಬೀಳಿಸಿದೆ.”

ಮಿರೇಲಾ ಗಟ್ಟಿಯಾಗಿ ನಕ್ಕರು. “ಹಾಗಾದರೆ ನಾನೂ ಹೇಳಿಬಿಡುತ್ತೇನೆ. ಐವತ್ತು ವರ್ಷ ತುಳಿದಿದ್ದೇನೆ.” ಕೂತಲ್ಲೇ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಲ್ಲರೂ ಸೇರಿ ಎಬ್ಬಿಸಿದ ಮೇಲೆ ಶ್ರಾವ್ಯಳನ್ನು ಕೇಳಿದರು, “ಸಾರಿ ಹೇಳಿದ ಮೇಲೆ ನೀನೇನು ಮಾಡುತ್ತೀ?”

ಆಗಲೇ ಶ್ರಾವ್ಯ ನಮ್ಮ ಕಡೆ ತಿರುಗಿದ್ದು. ಅಷ್ಟೂ ಮುಖಗಳನ್ನು ಕಂಡು ಅವಳ ಕೈ ಫ್ರಾಕನ್ನು ಹಿಡಿದುಕೊಂಡಿತು. ಕರೆದುಕೊಂಡು ಬರಲೇ ಎಂದು ನಾನು ಒಂದು ಹೆಜ್ಜೆ ಇಟ್ಟು ನಿಂತೆ. ಅವಳು ಕೈ ಸೊಂಟಕ್ಕೆ ತಂದು ಮಂಡಿ ಬಗ್ಗಿಸಿದಳು. ಬಲಗಾಲು, ಎಡಗಾಲು. ಬರಿಗಾಲಿನ ಸದ್ದು ಕೊನೆಯ ಸಾಲಿನವರೆಗೂ ಕೇಳಿರಬೇಕು. ಮಿರೇಲಾ ಚಪ್ಪಾಳೆಯಿಂದ ತಾಳ ಹಾಕಿದರು, ಆಮೇಲೆ ಮಕ್ಕಳೆಲ್ಲ ಹಾಕಿದರು.

ಮರಳುವ ರೈಲಿನಲ್ಲಿ ಅವಳು ನನ್ನ ತೋಳು ಜಗ್ಗಿದಳು. “ದೊಡ್ಡಮ್ಮ, ನೀವು ಪ್ರಾಮಿಸ್ ಬ್ರೇಕ್ ಮಾಡಿಲ್ಲ. ನಾನೇ ಹೋದೆ.”

ಮನೆಯ ಬಾಗಿಲು ತೆರೆದ ತಂಗಿಯ ಗಂಡ, “ಏನಂದ್ಲವ್ವಾ ನಿಮ್ಮ ಹಂಸರಾಣಿ?” ಎಂದು ಮಿರೇಲಾ ಬಗ್ಗೆ ಮಗಳನ್ನು ಕೇಳಿದ.

ಶ್ರಾವ್ಯ ಬೂಟನ್ನೂ ಬಿಚ್ಚಲಿಲ್ಲ. ನೇರ ಒಳಗೆ ಹೋಗಿ ಕಪಾಟಿನ ಮುಂದೆ ನಿಂತು ಮೇಲಿದ್ದ ಗೆಜ್ಜೆಯತ್ತ ಬೆರಳು ತೋರಿಸಿದಳು.

“ಅಪ್ಪಾ, ಎತ್ಕೋ ನನ್ನ.”