ಐದನೆಯ ಮಣೆ

ಮಾದಾಪುರದ ಮೇಲಿನ ತೋಟದಲ್ಲಿ ಮಂಜು ಇನ್ನೂ ಎದ್ದಿಲ್ಲ. ಸುಬೇದಾರ್ ಕುಟ್ಟಪ್ಪನವರ ಕಾಫಿ ಗೋದಾಮಿನ ಹಿಂದೆ ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿದೆ, ಉರಿಯುತ್ತಿಲ್ಲ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣಲ್ಲಿ ನೀರು ಸುರಿಸುತ್ತಾ ಒದ್ದೆ ಸೌದೆಗೆ ಊದುತ್ತಿರುವವರು ಸಿದ್ದರಾಜು. ಒಲೆಯ ಮೇಲಿನ ತಾಮ್ರದ ಹಂಡೆಯಲ್ಲಿರುವುದು ಕಾಫಿಗೂ ಅಲ್ಲ, ಸ್ನಾನಕ್ಕೂ ಅಲ್ಲ. ಕಾಲು ತೊಳೆಯುವ ನೀರು. ಕುದಿಯಬಾರದು, ತಣ್ಣಗೂ ಇರಬಾರದು. ಗಳಿಗೆಗೊಮ್ಮೆ ಮೊಣಕೈ ಅದ್ದಿ ನೋಡುತ್ತಾರೆ.

ನೀರು ಹದಕ್ಕೆ ಬಂದ ಮೇಲೆ ಗೋದಾಮಿನ ಒಳಗೆ ಹೋಗಿ ಗುಡಿಸುತ್ತಾರೆ. ಕಾಫಿ ಕೊಯ್ಲಿಗೆ ಇನ್ನೂ ಎರಡು ತಿಂಗಳಿದೆ, ಹಾಗಾಗಿ ಗೋದಾಮು ಖಾಲಿ. ಹಲಸಿನ ಹಲಗೆಯ ಐದು ಮಣೆಗಳನ್ನು ಸುತ್ತಲೂ ಹಾಕಿ, ಪ್ರತಿಯೊಂದರ ಪಕ್ಕ ಒಂದೊಂದು ಚೊಂಬು, ಒಂದೊಂದು ಮಡಚಿದ ವಸ್ತ್ರ ಇಡುತ್ತಾರೆ. ಬರುವವರು ಮೂವರು, ತಾವು ಒಬ್ಬರು. ನಾಲ್ಕು ಜನಕ್ಕೆ ಐದು ಮಣೆ. ಐದನೆಯ ಮಣೆಯನ್ನು ಮಾತ್ರ ತಮ್ಮ ಹೆಗಲ ಮೇಲಿನ ಟವೆಲಿನಿಂದ ಇನ್ನೊಮ್ಮೆ ಒರೆಸುತ್ತಾರೆ.

ಸಿದ್ದರಾಜು ಈ ಭಾಗದ ಮೆನ್ನೊನೈಟ್ ಎಂಬ ಕ್ರೈಸ್ತ ಸಭೆಯ ಪಾಲಕರು. ಹೆಸರು ಕೇಳಿ ಹುಬ್ಬೇರಿಸಬೇಕಾಗಿಲ್ಲ, ಕೊಡಗಿನಲ್ಲಿ ಆ ಹೆಸರನ್ನು ಸರಿಯಾಗಿ ಹೇಳುವವರೇ ಕಡಿಮೆ. ತೆಲುಗು ಸೀಮೆಯಿಂದ ತೋಟದ ಕೆಲಸಕ್ಕೆ ಬಂದ ಕೆಲವು ಕುಟುಂಬಗಳು ತಮ್ಮ ಪಾತ್ರೆ ಪಗಡಗಳ ಜೊತೆಗೆ ತಂದ ಸಭೆ ಇದು. ಇವರು ಆಯುಧ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ, ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ. ಮನೆಮನೆಯಲ್ಲೂ ಕೋವಿಗೆ ಪೂಜೆ ಮಾಡುವ ನಾಡಿಗೆ ಬಂದು ಆಯುಧ ಬೇಡ ಎನ್ನುವವರ ಪಾಡನ್ನು ಬೇರೆ ಹೇಳಬೇಕಿಲ್ಲ. ಗೋದಾಮು ಬಿಟ್ಟುಕೊಟ್ಟಿರುವ ಕುಟ್ಟಪ್ಪನವರು ಎರಡು ಯುದ್ಧ ಕಂಡವರು. "ಈ ಪಾದ್ರಿಯವರ ಮಾತು ಕೇಳಿದ್ದರೆ ನನಗೆ ಪೆನ್ಶನ್ನೇ ಬರುತ್ತಿರಲಿಲ್ಲ" ಎಂದು ನಗುತ್ತಾರೆ. ಆದರೂ ಐದು ವರ್ಷದಿಂದ ಬೀಗದ ಕೈಯನ್ನು ಸಿದ್ದರಾಜುಗೇ ಕೊಟ್ಟಿದ್ದಾರೆ.

ಹಾಸನದ ಕಡೆಯಿಂದ ಬಂದ ಅಪ್ಪ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ನೆಲೆ ನಿಂತಾಗ ಸಿದ್ದರಾಜುಗೆ ಆರು ವರ್ಷ. ಪಕ್ಕದ ಮನೆಯ ತೆಲುಗು ಹಾಡುಗಳನ್ನು ಕೇಳುತ್ತಾ ಬೆಳೆದರು. ಆ ಮನೆಯ ಮುತ್ತಿಯನ್ನೇ ಮದುವೆಯಾದರು. ಸಭೆ ನಡೆಸುತ್ತಿದ್ದ ಹಿರಿಯರು ತೀರಿಕೊಂಡ ಮೇಲೆ, ಓದು ಬರಹ ಬರುತ್ತದೆಂಬ ಒಂದೇ ಕಾರಣಕ್ಕೆ ಆ ಹೊಣೆ ಇವರ ಹೆಗಲಿಗೆ ಬಿತ್ತು. ಈಗ ವಯಸ್ಸು ನಲವತ್ತೇಳು. ವಾರದಲ್ಲಿ ಆರು ದಿನ ತೋಟದ ನರ್ಸರಿಯಲ್ಲಿ ಕಾಫಿ ಸಸಿ ನೋಡಿಕೊಳ್ಳುತ್ತಾರೆ, ಭಾನುವಾರ ಬೋಧನೆ. ತಿಂಗಳ ಮೂರನೆಯ ಗುರುವಾರ ಪಾಲಕರ ಕೂಟಕ್ಕೆ ರಜೆ ಬೇಕಾದ್ದರಿಂದ ಒಂದು ಭಾನುವಾರದ ಮಧ್ಯಾಹ್ನ ಮತ್ತೆ ಸಸಿಗಳ ನಡುವೆ ಕೂತು ಆ ಕೆಲಸ ತುಂಬಿಸಿಕೊಡುತ್ತಾರೆ. ಸಭೆಯಲ್ಲಿ ನಲವತ್ತೊಂದು ಜನ. ಮದುವೆ, ನಾಮಕರಣ, ಗಂಡ ಹೆಂಡತಿಯ ಜಗಳ, ಸಾವು ಎಲ್ಲಕ್ಕೂ ಇವರೇ ಬೇಕು.

ಈ ಗುರುವಾರದ ಕೂಟ ಶುರುವಾದದ್ದು ಒಂದು ಸಾವಿನಿಂದ. ಸಾವು ಅನ್ನುವುದಕ್ಕಿಂತ ಸಾವುಗಳಿಂದ. ಐದು ವರ್ಷದ ಹಿಂದಿನ ಮಳೆಗಾಲದಲ್ಲಿ ಲೈನಿಗೆ ಜ್ವರ ಬಂದು, ಒಂದೇ ವಾರದಲ್ಲಿ ನಾಲ್ವರನ್ನು ಮಣ್ಣು ಮಾಡಬೇಕಾಯಿತು. ನಾಲ್ಕನೆಯದು ಒಂದು ಎಳೆಗೂಸು.

"ಎಲ್ಲಾರ್ಗೂ ಸಮಾಧಾನ ಹೇಳ್ದೆ. ಮನೇಗ್ ಬಂದು ಕೂತ್ಕಂಡ್ರೆ ನಂಗೆ ಹೇಳೋರು ಯಾರೂ ಇಲ್ಲ" ಎನ್ನುತ್ತಾರೆ ಸಿದ್ದರಾಜು. "ಮುತ್ತಿಗೆ ಹೇಳೋಣ ಅಂದ್ರೆ ಆ ಕೂಸು ಅವ್ಳ ತಮ್ಮಂದೇ. ಅವ್ಳ ಮುಂದೆ ನಾನು ಅಳಂಗಿಲ್ಲ. ಬೆಳಗ್ಗೆ ಎದ್ದೋನು ಕುಶಾಲನಗರದ ದಾರಿ ಹಿಡ್ದು ನಡ್ದೇ ಬಿಟ್ಟೆ. ಅಲ್ಲಿ ಪುಟ್ಟರಾಜು ಅಂತ ನಮ್ಮ ಸಭೇದೇ ಒಬ್ರು ಪಾಲಕರು ಅವ್ರೆ ಅಂತ ಕೇಳಿದ್ದೆ, ಮುಖ ನೋಡಿರ್ಲಿಲ್ಲ. ಹೋದ್ರೆ ಅವ್ರೂ ಜಗಲಿ ಮೇಲೆ ಹಂಗೇ ತಲೆ ಬಗ್ಗಿಸ್ಕಂಡು ಕೂತಿದ್ರು. ನಾನೂ ಪಕ್ಕದಲ್ ಕೂತ್ಕಂಡೆ. ಆಮೇಲೆ ಅವ್ರು ಎದ್ದೋಗಿ ನೀರು ತಂದು ನನ್ ಕಾಲು ತೊಳುದ್ರು."

ಇಬ್ಬರಿದ್ದದ್ದು ಮೂವರಾಯಿತು. ಸೋಮವಾರಪೇಟೆಯ ಆಚೆಯಿಂದ ಎಪ್ಪತ್ತು ದಾಟಿದ ಯೇಸುರತ್ನಂ ಬಂದರು. ಗೋಣಿಕೊಪ್ಪಲಿನಿಂದ ದೇರಪ್ಪ ಬಂದರು, ಹಿಂದಿನ ದಿನವೇ ಹೊರಟು ಮಡಿಕೇರಿಯಲ್ಲಿ ಉಳಿದು ಬರಬೇಕು ಅವರು. ಕೊನೆಗೆ ಐದನೆಯವರೊಬ್ಬರು ಸೇರಿದರು. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.

ಕೂಟದ ಕಟ್ಟುಪಾಡುಗಳು ಸರಳ. ಪ್ರತಿಯೊಬ್ಬರೂ ತಮ್ಮ ಸಭೆಯವರು ಕೇಳಿದ, ತಮಗೆ ಉತ್ತರ ತೋಚದ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತರಬೇಕು. ಅಂದೇ ಉತ್ತರ ಹೇಳುವಂತಿಲ್ಲ. ಎಲ್ಲರೂ ಬರೆದುಕೊಂಡು ಹೋಗಿ ಒಂದು ತಿಂಗಳು ತಲೆಯಲ್ಲಿಟ್ಟುಕೊಂಡು, ಮುಂದಿನ ಗುರುವಾರ ಮಾತಾಡಬೇಕು. ಕಾಫಿ ಕೊಯ್ಯುವ ಹುಚ್ಚಮ್ಮ ಒಮ್ಮೆ ಸಿದ್ದರಾಜುವನ್ನು ಕೇಳಿದ್ದು ಇದು: "ಮೇಲಕ್ಕೆ ಹೋದ್ಮೇಲೂ ಲೈನ್ ಮನೇನಾ, ಇಲ್ಲಾ ಒಬ್ಬೊಬ್ರಿಗೆ ಒಂದೊಂದು ಮನೇನಾ?" ಐವರೂ ಸೇರಿ ಮೂರು ತಿಂಗಳು ತಿಣುಕಿದರು. ಕೊನೆಗೆ ಯೇಸುರತ್ನಂ, "ಮೊದಲು ಹೋಗೋನು ನಾನೇ, ನೋಡಿ ಸುದ್ದಿ ಕಳಿಸ್ತೀನಿ" ಎಂದು ಕೈ ತೊಳೆದುಕೊಂಡರು. ಹುಡುಗರು ಸೈನ್ಯಕ್ಕೆ ಸೇರಬಹುದೇ ಎಂಬ ಪ್ರಶ್ನೆ ಮಾತ್ರ ಐದು ವರ್ಷದಿಂದ ಸುತ್ತುತ್ತಲೇ ಇದೆ.

ಪ್ರಶ್ನೆ ಮುಗಿದ ಮೇಲೆ ಮನಸ್ಸಿನ ಮಾತು. ಆ ತಿಂಗಳು ಎಲ್ಲಿ ಸೋತೆ ಎಂದು ಒಬ್ಬೊಬ್ಬರೂ ಹೇಳಬೇಕು, ಉಳಿದವರು ಬುದ್ಧಿವಾದ ಹೇಳದೆ ಕೇಳಬೇಕು. ಬೋಧಕರ ಬಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಕಡೆಗೆ ಪ್ರತಿಯೊಬ್ಬರೂ ತಮ್ಮ ಬಲಗಡೆ ಕೂತವರ ಕಾಲು ತೊಳೆಯಬೇಕು. ಎಲ್ಲಕ್ಕಿಂತ ಮೇಲಿನ ಕಟ್ಟುಪಾಡನ್ನು ಗೋದಾಮಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದೆ: ಇಲ್ಲಿ ಕೇಳಿದ್ದು ಹೊಸಿಲು ದಾಟಬಾರದು. ಬರೆದವರು ಸಿದ್ದರಾಜು. ಮುರಿದವರೂ ಅವರೇ.

ಹೋದ ವರ್ಷದ ನವೆಂಬರಿನಲ್ಲಿ ಐದನೆಯವರು ತಮ್ಮ ಒಂದು ಸಂಕಟವನ್ನು ಬಿಚ್ಚಿ ಹೇಳಿದರು. ಅದಾದ ಹತ್ತನೆಯ ದಿನ, ಭಾನುವಾರ ಬೆಳಿಗ್ಗೆ, ಸಿದ್ದರಾಜು ಬೋಧನೆಗೆ ನಿಂತಿದ್ದರು. ಹಿಂದಿನ ದಿನವೆಲ್ಲ ನರ್ಸರಿಯಲ್ಲಿ ದುಡಿದು ಸುಸ್ತಾಗಿತ್ತು, ಮಾತಿಗೆ ಒಂದು ದೃಷ್ಟಾಂತ ಬೇಕಿತ್ತು, ಜನ ತೂಕಡಿಸುತ್ತಿದ್ದರು. "ನಮ್ಮಂಥ ಪಾಲಕರೊಬ್ಬರಿಗೆ" ಎಂದು ಶುರು ಮಾಡಿ, ಹೆಸರು ಹೇಳದೆ, ಆ ಸಂಕಟವನ್ನು ಹೇಳಿಬಿಟ್ಟರು. ತೂಕಡಿಸುತ್ತಿದ್ದವರು ಎಚ್ಚೆತ್ತರು. ಒಂದಿಬ್ಬರು ಕಣ್ಣೊರೆಸಿಕೊಂಡರು. ಅಂಥ ಬೋಧನೆ ಮೊದಲು ಮಾಡಿರಲಿಲ್ಲ ಎಂದು ಅಂದು ತಮಗೇ ಹೆಮ್ಮೆಯಾಗಿತ್ತೆಂದು ಈಗ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ.

ಕೇಳಿದವರಲ್ಲಿ ಒಬ್ಬಳ ತವರು ಐದನೆಯವರ ಊರು. ಇಷ್ಟು ಚಿಕ್ಕ ನಾಡಿನಲ್ಲಿ ಅಂಥ ಸಂಕಟವಿರುವ ಪಾಲಕರು ಎಷ್ಟು ಜನ ಇದ್ದಾರು? ಮುಂದಿನ ಸಂತೆಯೊಳಗೆ ಮಾತು ಅಲ್ಲಿಗೆ ಮುಟ್ಟಿತು. ಅವರ ಸಭೆಯವರೇ ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದರು. ಅಲ್ಲಿಂದಾಚೆಗೆ ಐದನೆಯ ಮಣೆ ಖಾಲಿ.

"ಅದು ಏನು ಅಂತ ಕೇಳ್ಬೇಡಿ ಸಾರ್" ಎಂದು ಸಿದ್ದರಾಜು ಇದನ್ನು ಬರೆಯಲು ಪತ್ರಿಕೆಯಿಂದ ಬಂದವರಿಗೆ ಮೊದಲೇ ಕೈ ಮುಗಿದಿದ್ದಾರೆ. "ಒಂದ್ಸಲ ಹೇಳಿ ಆಗೈತೆ."

ಒಮ್ಮೆ ಹುಡುಕಿಕೊಂಡು ಹೋಗಿಯೂ ಬಂದರು. ಐದನೆಯವರ ಹೆಂಡತಿ ಕಾಲಿಗೆ ನೀರು ಕೊಟ್ಟರು, ಕಾಫಿ ಕೊಟ್ಟರು, ಮನೆಯವರು ತೋಟದ ಕಡೆ ಹೋಗಿದ್ದಾರೆ ಎಂದರು. ಹಿತ್ತಿಲ ಬಾಗಿಲ ಹತ್ತಿರ ಯಾರೋ ಕೆಮ್ಮಿದ್ದು ಕೇಳಿಸಿತು. ಸಿದ್ದರಾಜು ಕಾಫಿ ಕುಡಿದು ಲೋಟ ತೊಳೆದಿಟ್ಟು, ಹನ್ನೊಂದು ಮೈಲಿ ನಡೆದು ಬಸ್ಸು ಹಿಡಿದರು. ಆ ಕೆಮ್ಮಿನ ಸುದ್ದಿ ಅವರು ಯಾರಿಗೂ ಹೇಳಿರಲಿಲ್ಲ. ಇದನ್ನು ಬರೆಯಬಹುದೇ ಎಂದು ಕೇಳಿದರೆ, "ಅದು ನನ್ ಕತೆ, ಬರ್ಕಳಿ" ಎನ್ನುತ್ತಾರೆ. ನಲವತ್ತೊಂದು ಜನರ ದುಃಖ ಕೇಳುವ ಮನುಷ್ಯ ತನ್ನದೊಂದನ್ನು ಹೊತ್ತುಕೊಂಡು ಓಡಾಡುವುದು ಎಷ್ಟು ಒಂಟಿತನದ ಕೆಲಸವೆಂದು ಅವರ ನಡಿಗೆ ನೋಡಿದರೇ ತಿಳಿಯುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಮೂವರೂ ಬರುತ್ತಾರೆ. ಪುಟ್ಟರಾಜು ಸುಂಟಿಕೊಪ್ಪದಲ್ಲಿ ಬಸ್ಸಿಳಿದು ಅಲ್ಲಿಂದ ನಡೆದೇ ಬಂದಿದ್ದಾರೆ, ಮೀನಖಂಡದಲ್ಲಿ ಎರಡು ಜಿಗಣೆ ಕಡಿದ ಗಾಯ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಮರಳುವವರಿಂದ ಮಡಿಕೇರಿಯ ಬಸ್ಸುಗಳೆಲ್ಲ ತುಂಬಿದ್ದವೆಂದು ದೇರಪ್ಪ ಹೇಳುತ್ತಾರೆ. ಕೊಡಗು ರಾಜ್ಯ ಮೈಸೂರಿಗೆ ಸೇರುತ್ತದಂತೆ, ಬಸ್ಸಿನ ತುಂಬ ಅದೇ ಮಾತಂತೆ. "ರಾಜ್ಯ ಸೇರ್ಲಿ ಬಿಡಪ್ಪ, ಮೊದ್ಲು ನಾವ್ ಐದು ಜನ ಸೇರೋದು ನೋಡು" ಎಂದು ಯೇಸುರತ್ನಂ ಗೊಣಗುತ್ತಾ ಮಣೆಯ ಮೇಲೆ ಕೂರುತ್ತಾರೆ.

ಮಣೆ ಹಾಕಿದ ಕ್ರಮ ಈ ಹನ್ನೊಂದು ತಿಂಗಳಲ್ಲಿ ಬದಲಾಗಿಲ್ಲ. ಸಿದ್ದರಾಜುವಿನ ಬಲಕ್ಕೆ ಐದನೆಯವರ ಮಣೆ, ಅದರ ಬಲಕ್ಕೆ ಯೇಸುರತ್ನಂ. ಹಾಗಾಗಿ ಸಿದ್ದರಾಜುವಿಗೆ ತೊಳೆಯಲು ಯಾರ ಕಾಲೂ ಇಲ್ಲ, ಯೇಸುರತ್ನಂ ಅವರ ಕಾಲು ತೊಳೆಯುವವರಿಲ್ಲ. ಮಣೆಯೊಂದನ್ನು ತೆಗೆದು ಹತ್ತಿರ ಹತ್ತಿರ ಕೂತರೆ ಎಲ್ಲ ಸರಿಹೋಗುತ್ತದೆಂದು ದೇರಪ್ಪ ಒಮ್ಮೆ ಸೂಚಿಸಿದ್ದರು. ಸಿದ್ದರಾಜು ಬಾಯಿ ತೆರೆಯುವ ಮೊದಲೇ ಮುದುಕರು ಅಡ್ಡ ಬಂದರು. "ನನ್ನ ಕಾಲು ಕೊಳೆಯಾಗೇ ಇರ್ಲಿ. ಅವರು ಬಂದಾಗ ಜಾಗ ಹುಡುಕಬಾರದು."

ಈ ಬಾರಿ ಕೂಟಕ್ಕೆ ಮುಂಚೆ ಸಿದ್ದರಾಜು ನಾಲ್ವರಿಗೂ ಕಾರ್ಡು ಹಾಕಿದ್ದರು. ಪತ್ರಿಕೆಯವರು ನಮ್ಮ ಬಗ್ಗೆ ಬರೆಯುತ್ತಾರಂತೆ, ಬರೆಯಲು ಬಿಡಬಹುದೇ, ಒಬ್ಬರು ಬೇಡ ಎಂದರೂ ಬೇಡ ಎಂದು. ಮೂವರು ಬಂದು ಬಾಯಲ್ಲೇ ಒಪ್ಪಿಗೆ ಕೊಟ್ಟಿದ್ದಾರೆ. ಚೀಟಿಗಳನ್ನು ಓದುವ ಹೊತ್ತಿಗೆ ಬಾಗಿಲಲ್ಲಿ ಕುಟ್ಟಪ್ಪನವರು ಕಾಣಿಸಿಕೊಳ್ಳುತ್ತಾರೆ. ದಿನವೂ ಪೇಪರ್ ತರಲು ಮಾದಾಪುರಕ್ಕೆ ಇಳಿಯುವವರು ಇಂದು ಟಪಾಲನ್ನೂ ತಂದಿದ್ದಾರೆ.

"ಪಾದ್ರಿಯವರೇ, ನಿಮಗೊಂದು ಕಾರ್ಡುಂಟು. ವಿಳಾಸ ಮಾತ್ರ ನೋಡಿದ್ದೇನೆ, ಬರೆದ ಬದಿಯನ್ನು ಅಂಗೈಗೆ ಮಾಡಿ ಹಿಡ್ಕೊಂಡು ಬಂದೆ" ಎನ್ನುತ್ತಾರೆ, ಹೊಸಿಲ ಹೊರಗೇ ನಿಂತು.

ಅಕ್ಷರ ನೋಡಿದ್ದೇ ಅದು ಐದನೆಯವರದೆಂದು ಸಿದ್ದರಾಜುಗೆ ಗೊತ್ತಾಗುತ್ತದೆ. ಓದಲು ಆಗದೆ ಕಾರ್ಡನ್ನು ಯೇಸುರತ್ನಂ ಅವರಿಗೆ ಕೊಡುತ್ತಾರೆ. ಮುದುಕರು ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಾರೆ. "ಬರೆಯಲಿ. ನನ್ನ ಹೆಸರೂ ಊರೂ ಬೇಡ. ಕೆಳಗಿನ ಪ್ರಶ್ನೆಯನ್ನು ಬೇಕಾದರೆ ಹಾಕಿಕೊಳ್ಳಲಿ. ಈ ತಿಂಗಳ ನನ್ನ ಚೀಟಿ ಎಂದು ಇಟ್ಟುಕೊಳ್ಳಿ. ನಮ್ಮ ಸಭೆಯ ಒಬ್ಬ ಮನುಷ್ಯ ಕೇಳುತ್ತಾನೆ: ಒಬ್ಬರನ್ನು ಕ್ಷಮಿಸಿ ಆಗಿದೆ, ಆದರೆ ಅವರ ಎದುರು ಹೋಗಿ ಕೂರಲು ಇನ್ನೂ ಮನಸ್ಸು ಬರುವುದಿಲ್ಲ. ಅದು ಕ್ಷಮೆ ಹೌದೋ, ಅಲ್ಲವೋ?"

ಯಾವ ಮನುಷ್ಯ ಎಂದು ಯಾರೂ ಕೇಳುವುದಿಲ್ಲ. ಅಂದೇ ಉತ್ತರ ಹೇಳುವಂತಿಲ್ಲವಲ್ಲ. ನಾಲ್ವರೂ ಪೆನ್ಸಿಲ್ ತೆಗೆದು ಪ್ರಶ್ನೆಯನ್ನು ಬರೆದುಕೊಳ್ಳುತ್ತಾರೆ. ಸಿದ್ದರಾಜು ಬರೆದದ್ದನ್ನೇ ಒರೆಸಿ ಮತ್ತೆ ಬರೆಯುತ್ತಾರೆ. ಹನ್ನೊಂದು ತಿಂಗಳ ಮೇಲೆ ಗೋದಾಮಿನಲ್ಲಿ ಐದು ಪ್ರಶ್ನೆಗಳಿವೆ.

ಕಾಲು ತೊಳೆಯುವ ಸರದಿ. ಯೇಸುರತ್ನಂ ದೇರಪ್ಪನ ಕಾಲು ತೊಳೆಯುತ್ತಾರೆ, ದೇರಪ್ಪ ಪುಟ್ಟರಾಜುವಿನದು, ಜಿಗಣೆ ಕಡಿದಲ್ಲಿ ಮೆಲ್ಲಗೆ. ಪುಟ್ಟರಾಜು ಸಿದ್ದರಾಜುವಿನ ಕಾಲು ತೊಳೆದು, ಮಣ್ಣು ಹಿಡಿದ ಬೆರಳುಗಳ ಸಂದಿಯನ್ನೂ ಒರೆಸುತ್ತಾರೆ. ಸಿದ್ದರಾಜು ಎಂದಿನಂತೆ ತಮ್ಮ ಚೊಂಬು ಹಿಡಿದು ಬಲಕ್ಕೆ ತಿರುಗುತ್ತಾರೆ. ಖಾಲಿ ಮಣೆಯ ಮುಂದೆ ಮಂಡಿಯೂರಿ, ಆ ಕಾರ್ಡನ್ನು ಮಣೆಯ ಮೇಲಿಟ್ಟು, ಒಣ ವಸ್ತ್ರವನ್ನು ಮಡಚಿಕೊಂಡು ಏಳುತ್ತಾರೆ.

ಮಧ್ಯಾಹ್ನಕ್ಕೆ ಮೂವರೂ ಬಸ್ಸಿನ ದಾರಿ ಹಿಡಿಯುತ್ತಾರೆ. ಸಿದ್ದರಾಜು ಹಂಡೆಯಲ್ಲಿ ಉಳಿದ ನೀರನ್ನು ಹಿತ್ತಿಲ ಮೆಣಸಿನ ಬಳ್ಳಿಯ ಬುಡಕ್ಕೆ ಸುರಿಯುತ್ತಾರೆ. ಉಳಿದದ್ದು ಸರಿಯಾಗಿ ಇಬ್ಬರ ಪಾಲಿನ ನೀರು, ಐದನೆಯವರದು ಮತ್ತು ಯೇಸುರತ್ನಂ ಅವರದು. ಆಮೇಲೆ ಬೆಳಗಿನ ಒದ್ದೆ ಸೌದೆಯನ್ನು ಒಂದೊಂದಾಗಿ ಎತ್ತಿ ಸೂರಿನ ಕೆಳಗೆ, ಬಿಸಿಲು ಬೀಳುವ ಕಡೆ ಜೋಡಿಸತೊಡಗುತ್ತಾರೆ. ಐದನೆಯವರು ಬರುತ್ತಾರೆಂದು ಅನ್ನಿಸುತ್ತದೆಯೇ ಎಂದು ಕೇಳಿದರೆ ಕೈ ನಿಲ್ಲಿಸುವುದಿಲ್ಲ.

"ಬನ್ನಿ ಅಂತ ಕೇಳೋ ಹಕ್ಕು ನಂಗಿಲ್ಲ ಸಾರ್. ಬಂದ್ ದಿನ ನೀರು ಆರಿರ್ಬಾರ್ದು, ಅಷ್ಟೇಯ."