ದಂಡೆಯ ಕಲ್ಲು

"ಪುಂಡಿಪಲ್ಯಾಕ ಉಪ್ಪಿಲ್ಲ," ಅಂದ ದತ್ತಾತ್ರಿ.

"ಕೈಗೇನ್ ಮೆಹಂದಿ ಹಚ್ಚೀರೇನು? ಡಬ್ಬಿ ಬಾಜೂಕೇ ಅದಾ, ಹಾಕ್ಕೋರಿ," ಅಂದಳು ಹೀರಾಬಾಯಿ.

ಇಪ್ಪತ್ತೆಂಟು ವರ್ಷದ ಸಂಸಾರ. ಇಂಥ ಮಾತು ದಿನಕ್ಕೆ ನಾಲ್ಕಾದರೂ ಆಗುತ್ತಿದ್ದವು. ಅವನು ಉಪ್ಪು ಹಾಕಿಕೊಂಡು ಉಂಡ. ದೊಡ್ಡಿಗೆ ಹೋಗಿ ಒಂದು ಕುರಿಯ ಗೊರಸು ಕೆತ್ತಿದ. ಬೇವಿನ ನೆರಳಲ್ಲಿ ಸ್ವಲ್ಪ ಅಡ್ಡಾದ. ಇಳಿಹೊತ್ತಿಗೆ ಕುರಿ ಹೊಡೆದುಕೊಂಡು ನೀರಿಗೆ ಹೋಗಿ, ದೀಪ ಹಚ್ಚುವ ಮೊದಲು ಬಂದ. ವಿಶೇಷ ಏನೂ ಇರಲಿಲ್ಲ.

ಅವರ ವಾಡಿ, ಒಂದು ಸಣ್ಣ ಊರು, ಹಲಬರ್ಗಾ ದಾಟಿದ ಮೇಲೆ, ಕಾರಂಜಾ ಡ್ಯಾಮಿನ ಹಿನ್ನೀರಿನ ಬದಿಗೆ. ಮನೆಯಿಂದ ಕೂಗಿದರೆ ದಂಡೆಯಲ್ಲಿದ್ದವರಿಗೆ ಕೇಳಬೇಕು, ಅಷ್ಟು ಹತ್ತಿರ ನೀರು. ಆದರೆ ಒಂದು ತಿಂಗಳಿಂದ ಆ ದಾರಿ ಬಂದ್ ಆಗಿತ್ತು. ಬೀದರದ ನೌಬಾದ ಕಡೆಯ ಸಿದ್ದೇಶ್ವರ ಎನ್ನುವವನು ದಂಡೆಯ ಮೇಲಿನ ಹೊಲ ಕೊಂಡಿದ್ದ. ಸಾಲಾಗಿ ಗುಡಿಸಲು ಹಾಕಿಸಿದ್ದ. ರವಿವಾರ ಪೇಟೆಯ ಮಂದಿ ಬಂದು, ನೀರು ನೋಡುತ್ತಾ ಊಟ ಮಾಡಿ ಹೋಗಲಿ ಎಂದು. ಹೊಲದಿಂದ ನೀರಿನವರೆಗೂ ತಂತಿ ಬೇಲಿ ಎಳೆಸಿದ್ದ. ಊರ ದಾರಿ ದಂಡೆಗೆ ಇಳಿಯುವಲ್ಲಿ ಒಂದು ಗೇಟು, ಗೇಟಿಗೆ ಬೀಗ. ಮನುಷ್ಯರಿಗೆ ಟಿಕೀಟು. ಕುರಿಗಳಿಗೆ ಅದೂ ಇಲ್ಲ.

ಹಾಗಾಗಿ ದತ್ತಾತ್ರಿ ಡಾಂಬರು ರಸ್ತೆ ಹಿಡಿದು, ಸೇತುವೆಯ ಕೆಳಗಿನ ನೀರಿಗೆ ಕುರಿ ಒಯ್ಯುತ್ತಿದ್ದ. ಒಂದು ತಾಸಿನ ದಾರಿ.

"ಜಗಳಾ ತೆಗೀರಿ," ಅಂದಿದ್ದಳು ಅವಳು ಅವತ್ತು ಸಂಜೆಯೂ.

"ಬಿಡು ಹೀರಾ. ಒಂದೀಟು ದಾರಿ ದೂರ ಆತು, ಕಾಲೇನ್ ಮುರೀತಾವೇನು?"

ಮರುದಿನ ಅದೇ ರಸ್ತೆಯಲ್ಲಿ ಲಾರಿ ಬಂತು. ಅವನು ಹೋದ. ನಾಲ್ಕು ಕುರಿ ಹೋದವು.

ತಪ್ಪು ಯಾರದು ಎಂದು ಪೊಲೀಸರು ಬರೆದುಕೊಂಡರು. ಹೀರಾಬಾಯಿ ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವರು ಬರೆದದ್ದು ಅವಳಿಗೆ ಓದಲು ಬರಲಿಲ್ಲ. ಆದರೆ ತಪ್ಪು ಯಾವುದು ಎಂದು ಗೊತ್ತಿತ್ತು. ತಂತಿ.

ದಿನಕರ್ಮ ಮುಗಿದ ದಿನ ನೆಂಟರು ಸುತ್ತ ಕೂತು ಹೇಳಿದರು. ಕುರಿ ಮಾರಿಬಿಡು, ಹೆಣ್ಣು ಜೀವ, ಯಾರು ಕಾಯುತ್ತಾರೆ.

"ಮಾರಲ್ಲ," ಅಂದಳು. "ಆ ರಸ್ತಾಕೂ ಒಯ್ಯಲ್ಲ."

"ಮತ್ತ ನೀರ್ ಎಲ್ಲಿ ಕುಡೀಬೇಕು ಅವು?"

"ಮೊದಲ ಎಲ್ಲಿ ಕುಡೀತಿದ್ದವೋ ಅಲ್ಲೇ."

ಮರುದಿನವೇ ಕುರಿ ಹೊಡೆದುಕೊಂಡು ಗೇಟಿನ ಮುಂದೆ ನಿಂತಳು. ಸಿದ್ದೇಶ್ವರ ತಾನೇ ಬಂದ. ಒರಟ ಅಲ್ಲ ಅವನು. ಕೈ ಮುಗಿದ.

"ಅಕ್ಕಾ, ನಿಮ್ಮ ದುಃಖ ನಂಗ ತಿಳೀತದರಿ. ಖರೆ, ಕುರಿ ಬಂದ್ರ ವಾಸನಿ. ಹಿಕ್ಕಿ. ಗಿರಾಕಿ ನಿಲ್ಲಲ್ಲರಿ."

"ನೀರೇನ್ ನಿಮ್ಮಪ್ಪ ತುಂಬ್ಸಿಟ್ಟು ಹೋಗ್ಯಾನೇನು?"

"ನೀರು ಸರಕಾರದ್ದು. ದಂಡಿ ನಂದು. ಅಲ್ಲಿ ನೋಡ್ರಿ, ಸರಕಾರದ ಕಲ್ಲು. ಅದರ ಆಚಿ ಅವರದು, ಈಚಿ ನಂದು."

ಅವನು ಬೆರಳು ಮಾಡಿದ ಕಡೆ ಹೀರಾಬಾಯಿ ನೋಡಿದಳು. ನೀರಿನ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲು. ಸಿದ್ದೇಶ್ವರ ಅದನ್ನು ಮಗ್ಗುಲು ತಿರುಗಿಸಿ ನಿಲ್ಲಿಸಿದ್ದ. ಕೆಳಮೈಯಲ್ಲಿ ಕೆತ್ತಿದ ಅಕ್ಷರ ಮೇಲೆ ಬಂದಿದ್ದವು. ಕುರಿ ತಿರುಗಿಸಿಕೊಂಡು ಮನೆಗೆ ಬಂದಳು.

ಆ ಕಲ್ಲನ್ನು ಅಲ್ಲಿಗೆ ತಂದವಳು ಅವಳೇ.

ಡ್ಯಾಂ ಕಟ್ಟಿದಾಗ, ನೀರು ತುಂಬಿದರೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಸರಕಾರ ಕಲ್ಲು ನೆಟ್ಟಿತ್ತು. ಕಲ್ಲಿನ ಕೆಳಗಿನ ನೆಲ ಎಲ್ಲರದು, ಮೇಲಿನದು ರೈತರದು. ಹದಿನಾಲ್ಕು ವರ್ಷದ ಹಿಂದೆ ಹೆಂಗಸರು ಬಟ್ಟೆ ಒಗೆಯುವ ಬಂಡೆ ಹೂಳಿನಲ್ಲಿ ಮುಚ್ಚಿಹೋಯಿತು. ಹೀರಾಬಾಯಿಗೆ ಮೇಲೆ ಏರಿನಲ್ಲಿದ್ದ ಈ ಕಲ್ಲು ಕಣ್ಣಿಗೆ ಬಿತ್ತು. ಅಗಲ, ನುಣುಪು. ಮೀನು ಮಾರುವ ಮಹಮೂದಾ ಬೇಗಂಳನ್ನು ಕರೆದಳು. ಇಬ್ಬರೂ ಅಲುಗಾಡಿಸಿ ಕಿತ್ತು, ನಗುತ್ತಾ ನೀರಿನವರೆಗೆ ಉರುಳಿಸಿಕೊಂಡು ಬಂದರು. ಅವತ್ತಿನಿಂದ ಅರ್ಧ ವಾಡಿಯ ಬಟ್ಟೆ ಅದರ ಮೇಲೇ ಒಗೆದದ್ದು.

ಕುರಿ ದೊಡ್ಡಿಗೆ ಹೊಡೆದು ಹೀರಾಬಾಯಿ ಸೀದಾ ಮಹಮೂದಾಳ ಮನೆಗೆ ಹೋದಳು. ಗೇಟು ಬಂದಮೇಲೆ ಮಹಮೂದಾಳ ಮಕ್ಕಳೂ ಬಲೆ ಹೊತ್ತು ಸೇತುವೆಗೇ ಹೋಗುತ್ತಿದ್ದರು.

"ಯಾ ಅಲ್ಲಾ," ಮಹಮೂದಾ ಎದೆಗೆ ಕೈ ಇಟ್ಟುಕೊಂಡಳು. "ಸರಕಾರಿ ಕಲ್ಲ ಅಂತ ನಂಗೇನ್ ಗೊತ್ತು? ನಂಗ ಅದು ಲುಂಗಿ ಒಗೆಯೋ ಕಲ್ಲು! ಯಾರ ಮುಂದೂ ಬಾಯ್ ಬಿಡಬ್ಯಾಡ. ಜೇಲಿಗೆ ಹಾಕ್ತಾರ."

"ಸುಮ್ನಿದ್ರ ದಂಡಿ ಹೋಗ್ತದ."

"ಹಂಗಾದ್ರ ಯಾರೂ ಇಲ್ಲದಾಗ ವಾಪಸ್ ಮ್ಯಾಲ ಉರುಳ್ಸಿ ಬರೋಣ."

"ಕೆಳಗ ಉರುಳ್ಸೋದು ಬ್ಯಾರೆ, ಮ್ಯಾಲ ಉರುಳ್ಸೋದು ಬ್ಯಾರೆ. ಈ ವಯಸ್ಸಿನ್ಯಾಗ ಇಬ್ಬರೂ ಅದರ ಬುಡಕೇ ಉಳೀತೇವಿ."

ದಂಡೆ ಅಳೆಯಿರಿ ಎಂದು ಭಾಲ್ಕಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಬೀದರಕ್ಕೆ ಹೋಗಿ ಅಂದರು. ಬೀದರದಲ್ಲಿ ಭಾಲ್ಕಿಗೆ ಹೋಗಿ ಅಂದರು. ಮೂರನೇ ಸಲ ಸಾಹೇಬರ ಮೇಜಿನ ಮೇಲಿನ ನೀರಿನ ಬಾಟಲಿ ತೋರಿಸಿ ಹೇಳಿದಳು.

"ನಾಳಿ ಕುರಿ ಇಲ್ಲೇ ತರ್ತೇನಿ ಸಾಹೇಬ್ರ. ಐವತ್ತಾರು ಅವ. ಅಳತಿ ಆಗೋತನಕ ನಿಮ್ಮ ಫಿಲ್ಟರ್ ನೀರು ಕುಡೀಲಿ."

ಸಾಹೇಬರು ನಕ್ಕರು. ಅವಳು ನಗಲಿಲ್ಲ. ಅಳತೆಗೆ ತಾರೀಖು ಸಿಕ್ಕಿತು, ಅದೂ ಮೂರು ತಿಂಗಳ ಮೇಲೆ. ಅಲ್ಲಿಯವರೆಗೆ ನಳದ ನೀರು ಕೊಡದಲ್ಲಿ ಹೊತ್ತು ದೊಡ್ಡಿಗೆ ಸುರಿದಳು. ಭುಜ ಬಾತುಕೊಂಡಿತು.

ಅಳೆಯಲು ಬಂದವಳು ಮಹಾಮಾಯಾ, ಔರಾದ ಕಡೆಯ ಹುಡುಗಿ, ಸರ್ವೇಯರ್. ತಲೆಗೆ ಟೊಪ್ಪಿಗೆ, ಕೈಯಲ್ಲಿ ನಕ್ಷೆ. ಮೂರು ಕಾಲಿನ ಯಂತ್ರ ನಿಲ್ಲಿಸಿ ಬೆಳಗಿನಿಂದ ಅಳೆದಳು. ಇಡೀ ವಾಡಿ ನೆರೆದಿತ್ತು.

"ನಕ್ಷಿ ಪ್ರಕಾರ ಕಲ್ಲು ಮ್ಯಾಲಿರಬೇಕು," ಅಂದಳು ಮಹಾಮಾಯಾ. "ಇಲ್ಲಿ ನೋಡಿದ್ರ ನೀರಿನ್ಯಾಗ ಅದಾ. ನಲವತ್ತು ಮಾರು ಫರಕ್."

"ನಕ್ಷಿ ಹಳೀದು ಮೇಡಂ," ಅಂದ ಸಿದ್ದೇಶ್ವರ. "ಕಲ್ಲು ಕಣ್ಣಿಗೆ ಕಾಣ್ತದಲ್ಲರಿ. ಕಲ್ಲೇನ್ ನಡಕೊಂತ ಬರ್ತದೇನು?"

"ಆಜೂಬಾಜೂ ಕಲ್ಲೂ ಹೂಳಿನ್ಯಾಗ ಹೋಗ್ಯಾವ. ಮೊದಲ ನೆಟ್ಟ ಜಗಾ ಸಿಗದ ನಂಗ ಏನೂ ಬರೆಯಾಕ ಬರಲ್ಲರಿ," ಎಂದು ಮಹಾಮಾಯಾ ನಕ್ಷೆ ಮಡಚತೊಡಗಿದಳು.

ಹೀರಾಬಾಯಿ ಮುಂದೆ ಬಂದಳು.

"ನಡಕೊಂತ ಬಂದಿಲ್ಲ. ನಾ ಉರುಳ್ಸಿಕೊಂಡು ಬಂದೇನಿ. ಬಟ್ಟಿ ಒಗಿಯಾಕ."

ಸಿದ್ದೇಶ್ವರ ಮಂದಿ ಸರಿಸಿ ಮುಂದೆ ನುಗ್ಗಿದ.

"ಕೇಳಿದ್ರೇನ್ ಮೇಡಂ? ಸರಕಾರಿ ಕಲ್ಲು ಕಿತ್ತಾರ. ಕೇಸ್ ಮಾಡ್ರಿ!"

"ಮಾಡ್ರಿ," ಅಂದಳು ಹೀರಾಬಾಯಿ. "ಮೊದಲ ಅಳೀರಿ. ಆಮ್ಯಾಲ ಕೇಸ್ ಮಾಡ್ರಿ. ನಾ ಎಲ್ಲೂ ಓಡಿ ಹೋಗಲ್ಲ."

ಮಹಾಮಾಯಾ ಕಲ್ಲು ನೋಡಿದಳು, ಅವಳನ್ನು ನೋಡಿದಳು. "ಒಬ್ಬಾಕಿನೇ ಉರುಳ್ಸಿದ್ರೇನ್ರಿ?"

"ಹೌದು. ಒಬ್ಬಾಕಿನೇ."

"ಝೂಟ್!" ಹಿಂದಿನಿಂದ ಮಹಮೂದಾಳ ದನಿ. ಮೀನಿನ ಬುಟ್ಟಿ ಹೊತ್ತುಕೊಂಡೇ ಮಂದಿಯನ್ನು ಸರಿಸಿ ಬಂದಳು. "ಒಬ್ಬಾಕಿಯಿಂದ ಏಳೋ ಕಲ್ಲೇನ್ರಿ ಅದು? ನೂಕಿದಾಕಿ ನಾ. ಇಕಿ ಬರೀ 'ಹುಷಾರ್, ಹುಷಾರ್' ಅಂತಿದ್ಳು!"

ವಾಡಿಯೆಲ್ಲ ನಕ್ಕಿತು. ಮಹಾಮಾಯಾಳಿಗೂ ನಗು ತಡೆಯಲಾಗಲಿಲ್ಲ. "ಆತು. ಎಲ್ಲಿಂದ ಕಿತ್ತಿರಿ, ತೋರಿಸ್ರಿ."

ಹೀರಾಬಾಯಿ ಏರು ಹತ್ತಿದಳು. ಹದಿನಾಲ್ಕು ವರ್ಷದಲ್ಲಿ ಜಾಲಿ ಬೆಳೆದು ಗುರುತೆಲ್ಲ ಅಳಿಸಿತ್ತು. ನಿಂತು ನೀರಿನ ಕಡೆ ನೋಡಿದಳು. ಆಗ ಉರುಳಿಸಿದ್ದು ನೆಟ್ಟಗೆ, ಅಡ್ಡ ಹೋಗಿರಲಿಲ್ಲ. ಎರಡು ಹೆಜ್ಜೆ ಎಡಕ್ಕೆ ಸರಿದಳು.

"ಇಲ್ಲಿ ಅಗೀರಿ. ಕಿತ್ತಾಗ ಕೈ ಎಲ್ಲಾ ಕರ್ರಗ ಆಗಿದ್ದವು. ಯಾಕ ಅಂತ ನಂಗ ಇವತ್ತಿಗೂ ಗೊತ್ತಿಲ್ಲ."

ಮಹಾಮಾಯಾ ಥಟ್ಟನೆ ತಲೆ ಎತ್ತಿದಳು. ತಾನೇ ಗುದ್ದಲಿ ಇಸಿದುಕೊಂಡಳು. ಮೊಳಕೈ ಆಳಕ್ಕೆ ಹೋದಾಗ ಮಣ್ಣಿನ ಬಣ್ಣ ತಿರುಗಿತು. ಹಿಡಿ ತುಂಬ ಕರಿ ಚೂರು ಎತ್ತಿ ಎಲ್ಲರಿಗೂ ತೋರಿಸಿದಳು.

"ಇದ್ದಲಿ. ಹಿಂದಿನವರು ಕಲ್ಲು ನೆಡುವಾಗ ಬುಡಕ ಇದ್ದಲಿ ಹಾಕ್ತಿದ್ರು. ಕಲ್ಲು ಹೋದ್ರೂ ಇದು ಕೊಳೆಯಲ್ಲ."

ಅಲ್ಲಿಂದ ಅಳೆದಳು. ನಕ್ಷೆಗೆ ಕೂಡಿತು. ಗೇಟು, ತಂತಿ, ಮುಂದಿನ ಸಾಲಿನ ಎರಡು ಗುಡಿಸಲು, ಎಲ್ಲವೂ ಗೆರೆಯ ಕೆಳಗೆ ಬಂದವು. ಸಿದ್ದೇಶ್ವರ ಮೊಬೈಲ್ ಹಿಡಿದು ದೂರ ಹೋಗಿ ನಿಂತ.

"ನನ್ನ ಕೇಸು?" ಅಂದಳು ಹೀರಾಬಾಯಿ.

"ಕಲ್ಲು ಸರಿದಿತ್ತು, ಗ್ರಾಮಸ್ಥರು ಮೂಲ ಜಗಾ ತೋರಿಸಿದ್ರು ಅಂತ ಬರ್ದೇನಿ. ಯಾರು ಸರಿಸಿದ್ರು ಅನ್ನೋ ಕಾಲಂ ಈ ಫಾರ್ಮಿನ್ಯಾಗ ಇಲ್ಲರಿ."

ನೋಟೀಸು ಬಂದು, ತಂತಿ ಹೋಗಲು ಮತ್ತೆ ಎರಡು ತಿಂಗಳು ಹಿಡಿಯಿತು. ಮೊದಲ ದಿನ ಕುರಿಗಳು ಗೇಟಿದ್ದ ಜಾಗದಲ್ಲಿ ನಿಂತುಬಿಟ್ಟವು. ಹೀರಾಬಾಯಿ ಮುಂದೆ ಹೋದಮೇಲೆ ಒಮ್ಮೆಗೇ ನುಗ್ಗಿ ನೀರಿಗೆ ಬಾಯಿ ಹಚ್ಚಿದವು. ದತ್ತಾತ್ರಿ ಇದ್ದಿದ್ದರೆ, ಒಂದೀಟು ದಾರಿಗೆ ಇಷ್ಟೆಲ್ಲ ಯಾಕ ಅನ್ನುತ್ತಿದ್ದ. ಆ ಮಾತಿಗೆ ಅವಳ ಹತ್ತಿರ ಜವಾಬು ಇತ್ತು. ಕೇಳುವವನು ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕುರಿ ಎಣಿಸಿದಳು.

ಆಮೇಲೆ ಬೇರೆ ವಾಡಿಯವರೂ ಅವಳನ್ನು ಹುಡುಕಿಕೊಂಡು ಬಂದರು. ಅವರ ಕಡೆಯೂ ದಂಡೆಗೆ ತಂತಿ ಬಿದ್ದಿತ್ತು. ಏನು ಮಾಡಬೇಕು ಎಂದು ಕೇಳಿದರು.

"ಮೊದಲ ಕಲ್ಲು ಹುಡುಕ್ರಿ," ಅಂದಳು. "ನಿಮ್ಮ ಹೆಂಗಸರು ಅದರ ಮ್ಯಾಲ ಬಟ್ಟಿ ಒಗೀತಾರೇನು ನೋಡ್ರಿ."

ಎರಡು ಕಡೆ ದಾರಿ ತೆರೆಯಿತು. ಒಂದು ಕಡೆ ಇನ್ನೂ ತಾರೀಖು ಬೀಳುತ್ತಿದೆ. ಹೀರಾಬಾಯಿಯೂ ಅವರ ಜೊತೆ ಹೋಗಿ ಕೂರುತ್ತಾಳೆ. ಕಚೇರಿಯಲ್ಲಿ ಈಗ ಅವಳಿಗೆ ಕುರ್ಚಿ ಕೊಡುತ್ತಾರೆ.

ದಂಡೆ ಎಲ್ಲರದಾದ ಮೇಲೆ ಎಲ್ಲರೂ ಬಂದರು. ಬಲೆ ಬಂತು, ಒಗೆಯುವ ಬಟ್ಟೆ ಬಂತು, ಭಾಲ್ಕಿಯಿಂದ ಮಕ್ಕಳನ್ನು ಕರೆದುಕೊಂಡು ಸಂಸಾರಸ್ಥರು ಬಂದರು. ಕುಡುಕರೂ ಬಂದರು. ಕುಡಿದು ಬಾಟಲಿ ಒಡೆದರು. ಒಂದು ಮರಿಯ ಗೊರಸಿನ ಸಂದಿಗೆ ಗಾಜು ಹೊಕ್ಕಿತು.

"ನೋಡ್ರಿ ಅಕ್ಕಾ," ಮೇಲಿನ ಗುಡಿಸಲಿನಿಂದ ಸಿದ್ದೇಶ್ವರ ಕೂಗಿದ. "ನನ್ನ ಗೇಟು ಇದ್ದಿದ್ರ ಹಿಂಗ ಆಗ್ತಿತ್ತೇನು?"

"ಗಾಜು ಆರಿಸಿದ್ರ ಹೋಗ್ತದ. ನಿಮ್ಮ ತಂತಿ ತೆಗೆಯಾಕ ಆರು ತಿಂಗಳು ಬೇಕಾತು."

ಈಗಲೂ ಬೆಳಕು ಹರಿದ ಕೂಡಲೇ ಅವಳು ಖಾಲಿ ಚೀಲ ಹಿಡಿದು ದಂಡೆಗೆ ಹೋಗುತ್ತಾಳೆ. ಬಗ್ಗಿ ಗಾಜು ಆರಿಸುತ್ತಾಳೆ. ಬಿಸಿಲು ಬಿದ್ದರೆ ಚೂರು ಹೊಳೆಯುತ್ತವೆ, ಮೋಡವಿದ್ದರೆ ಬೆರಳಿನಿಂದ ತಡವಬೇಕು. ಚೀಲದ ಬಾಯಿ ಕಟ್ಟಿ ಬದಿಗಿಡುತ್ತಾಳೆ. ಆಮೇಲೆ ಚಪ್ಪಲಿ ಕಳಚಿ, ನೀರಿನವರೆಗೆ ಒಮ್ಮೆ ಬರಿಗಾಲಲ್ಲಿ ನಡೆಯುತ್ತಾಳೆ, ಹಾಗೇ ತಿರುಗಿ ಬರುತ್ತಾಳೆ. ಕಾಲಿಗೆ ಏನೂ ಚುಚ್ಚದಿದ್ದರೆ ಹೋಗಿ ದೊಡ್ಡಿಯ ಬಾಗಿಲು ತೆಗೆಯುತ್ತಾಳೆ.