ಹಿಟ್ಟಿನ ಗಿರಣಿ ಮುಂದೆ ನಿಂತ ಕ್ಯಾಂಟರ್

ಇದು ಎರಡು ವರ್ಷದ ಹಿಂದಿನ ಧನುರ್ಮಾಸದಲ್ಲಿ ನಡೆದದ್ದು. ಮೂರು ವರ್ಷವಾಯಿತೇನೋ ಎಂದು ಅನುಮಾನ ಬಂದು ಹೆಂಡತಿಯನ್ನು ಕೇಳಿದೆ. ಎರಡೇ ಎಂದಳು. ಸಣ್ಣಪುಟ್ಟದ್ದನ್ನೂ ಹೀಗೆ ಇನ್ನೊಬ್ಬರನ್ನು ಕೇಳಿಕೊಳ್ಳುವ ಅಭ್ಯಾಸ ನನಗೆ ಅಂಟಿದ್ದೂ ಆ ಧನುರ್ಮಾಸದಿಂದಲೇ.

ನಾನು ತುಮಕೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಕುಣಿಗಲ್‌ನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಊರು ಹುಲಿಯೂರುದುರ್ಗದ ಪಕ್ಕ. ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕ್ಯಾಂಟರ್ ಲಾರಿ ನನ್ನ ಪಾಲಿಗೆ ಬಂತು. ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿದ್ದ ನಿಂಗಣ್ಣನೂ ಅದರ ಜೊತೆಗೇ ಬಂದ. ಸುತ್ತಲಿನ ಹಳ್ಳಿಗಳ ಸೇವಂತಿಗೆ, ಕನಕಾಂಬರ ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ತುಮಕೂರು ಹೂವಿನ ಮಾರ್ಕೆಟ್ಟು ಸೇರಬೇಕು. ಬಿಸಿಲೇರಿದ ಮೇಲೆ ಹೋದ ಹೂವನ್ನು ಯಾರೂ ಮುಟ್ಟುವುದಿಲ್ಲ.

ಆ ವರ್ಷ ಚಳಿ ಬಿದ್ದದ್ದೇ ತಡ, ಗಾಡಿ ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೆಣಗಾಟ. ನಿಂಗಣ್ಣ ಒಂದು ಬಿಂದಿಗೆ ಬಿಸಿನೀರು ತಂದು ಎಂಜಿನ್ನಿನ ಮೇಲೆ ಸುರಿಯುತ್ತಿದ್ದ. ಹೂವಿನವರು ಕಂಬಳಿ ಹೊದ್ದು ನಿಂತು ಚಳಿಯನ್ನು ಬೈಯುತ್ತಿದ್ದರು. ನಾನು ಹೊಸ ಬ್ಯಾಟರಿ ಹಾಕಿಸಿದೆ, ಹೀಟರ್ ಪ್ಲಗ್ ಬದಲಾಯಿಸಿದೆ. ಏನೂ ಉಪಯೋಗವಾಗಲಿಲ್ಲ. ಮೂರನೆಯ ವಾರ ಇಬ್ಬರು ರೈತರು ಹೂವನ್ನು ಬೇರೆ ಗಾಡಿಗೆ ಹಾಕಿದರು.

ನನಗೆ ಕಾರಣ ಹೊಳೆದಿತ್ತು. ಕಾರ್ತಿಕದಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿದವನು ನಿಂಗಣ್ಣ. ಅವನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಪ್ಯಾನರ್ ಬಾಯಲ್ಲಿ ಕಚ್ಚಿಕೊಂಡು ಬೋಲ್ಟ್ ಬಿಗಿದದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಅಲ್ಲೇ ಏನೋ ಕೆಡಿಸಿದ್ದಾನೆ, ಈಗ ಚಳಿಯ ಹೆಸರು ಹೇಳುತ್ತಿದ್ದಾನೆ ಎಂದುಕೊಂಡೆ. ಒಂದೆರಡು ಸಲ ಅವನ ಮುಖಕ್ಕೇ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಸುಮ್ಮನಿದ್ದ. ಆ ಮೌನವನ್ನು ನಾನು ಒಪ್ಪಿಗೆ ಎಂದೇ ತಿಳಿದೆ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಒಬ್ಬ ಒಳ್ಳೆಯ ಡ್ರೈವರ್ ಇದ್ದಾನೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಒಂದು ದಿನ ತುಮಕೂರಿನಲ್ಲಿ ಹೂವು ಇಳಿಸಿದ ಮೇಲೆ, ಸಿ.ಎಸ್. ಪುರದಲ್ಲಿ ಸ್ವಲ್ಪ ಕೆಲಸವಿದೆ, ಗುಬ್ಬಿ ಮೇಲೆ ಹೋಗಿಬರೋಣ ಎಂದೆ. ಏನು ಕೆಲಸ ಎಂದು ನಿಂಗಣ್ಣ ಕೇಳಲಿಲ್ಲ. ದಾರಿಯುದ್ದಕ್ಕೂ ಮಗಳ ಸೆಕೆಂಡ್ ಪಿಯುಸಿ ಪರೀಕ್ಷೆಯ ಮಾತಾಡಿದ. ನಾನು ಹೂಂಗುಟ್ಟುತ್ತಾ ಕಿಟಕಿಯ ಆಚೆ ನೋಡಿಕೊಂಡು ಕೂತಿದ್ದೆ. ಅವನ ಜಾಗಕ್ಕೆ ಆಳು ಹುಡುಕಲು ಅವನ ಕೈಯಲ್ಲೇ ಗಾಡಿ ಓಡಿಸಿಕೊಂಡು ಹೋಗುತ್ತಿದ್ದೆ.

ಊರೊಳಗೆ ಒಂದು ಏರು. ಅಲ್ಲಿ ಹಿಟ್ಟಿನ ಗಿರಣಿಯ ಮುಂದೆ, ಮೂತಿ ಮೇಲಕ್ಕಿದ್ದಂತೆಯೇ ಗಾಡಿ ನಿಲ್ಲಿಸಲು ಹೇಳಿ ನಾನೊಬ್ಬನೇ ಆ ಡ್ರೈವರ್ ಮನೆಗೆ ಹೋದೆ. ಆತ ತೋಟಕ್ಕೆ ಹೋಗಿದ್ದ. ಬಹಳ ಹೊತ್ತು ಕಾದು, ಡ್ರೈವರ್ ಕೆಲಸದ ವಿಚಾರ, ಬಂದರೆ ಗಿರಣಿ ಹತ್ತಿರ ಕಳಿಸಿ ಎಂದು ಮನೆಯವರಿಗೆ ಹೇಳಿ ವಾಪಸಾದೆ. ಅಷ್ಟರಲ್ಲಿ ಗಾಡಿ ಮತ್ತೆ ಮುಷ್ಕರ ಹೂಡಿತ್ತು. ಬಿಸಿಲು ಬಂದು ಬಹಳ ಹೊತ್ತಾಗಿತ್ತು, ಚಳಿಯ ಸುಳಿವೇ ಇರಲಿಲ್ಲ. ಆದರೂ ನಿಂಗಣ್ಣ ಕೀ ತಿರುಗಿಸುತ್ತಲೇ ಇದ್ದ.

ಗಿರಣಿಯಿಂದ ಅರವತ್ತು ದಾಟಿದ ಒಬ್ಬ ಹೆಂಗಸು ಹೊರಬಂದರು. ತಲೆಯಿಂದ ಮುಂಗೈವರೆಗೂ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಹೆಸರು ಗಂಗಮ್ಮ ಎಂದು ಆಮೇಲೆ ಗೊತ್ತಾಯಿತು.

"ನಿಲ್ಸಪ್ಪಾ ಸಾಕು, ಬ್ಯಾಟ್ರಿ ಸಾಯ್ತದೆ," ಎಂದು ನಿಂಗಣ್ಣನಿಗೆ ಹೇಳಿ ಸೈಲೆನ್ಸರ್ ಕಡೆ ನೋಡಿದರು. "ಹೊಗೆನೇ ಬರ್ತಿಲ್ವಲ್ಲ. ಎಣ್ಣೆ ಒಳಕ್ಕೆ ಹೋಗಿ ಉರೀದೆ ಇದ್ರೆ ಬಿಳೀ ಹೊಗೆನಾದ್ರೂ ಬರ್ಬೇಕು. ಇದಕ್ಕೆ ಎಣ್ಣೆನೇ ಸಿಕ್ತಿಲ್ಲ."

ಚಳಿಗೆ ಹೀಗಾಗುತ್ತಿದೆ ಎಂದು ನಾನು ವಿವರಿಸಲು ಹೋದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಚಳಿನಾ? ಈ ಬಿಸ್ಲಲ್ಲಾ?" ಎಂದರು.

ಕರೆಂಟಿಲ್ಲದ ಕಾಲದಲ್ಲಿ ಗಿರಣಿಯನ್ನು ಅವರು ಡೀಸೆಲ್ ಎಂಜಿನ್ನಿನಲ್ಲಿ ನಡೆಸಿದ್ದರಂತೆ. ನಿಂಗಣ್ಣನ ಕೈಯಲ್ಲಿ ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲ ಮಾಡಿಸಿ, ಕೈಪಂಪು ಒತ್ತಿಸಿದರು. ಡೀಸೆಲ್ ಬರಲಿಲ್ಲ, ಸೋಪಿನ ನೊರೆಯಂತೆ ಗುಳ್ಳೆ ಬಂತು. ಲೈನಿನಲ್ಲಿ ಗಾಳಿ ಸೇರಿದೆ ಎಂದರು. ಹಿಂದೆ ಗಾಡಿ ಎಲ್ಲಿ ನಿಲ್ಲಿಸುತ್ತಿದ್ದಿರಿ, ಈಗೆಲ್ಲಿ ಎಂದು ಕೇಳಿದರು.

ನಮ್ಮ ಕಡೆ ಹಳೆ ಗಾಡಿಗಳನ್ನೆಲ್ಲ ಕೆರೆ ಏರಿಯ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಾರೆ. ಸ್ಟಾರ್ಟ್ ಆಗದಿದ್ದರೆ ಉರುಳಿಸಿಕೊಂಡು ಹೋಗಬಹುದಲ್ಲ. ನಿಂಗಣ್ಣನೂ ಹಾಗೇ ಮಾಡುತ್ತಿದ್ದ. ಅದು ದಡ್ಡ ಪದ್ಧತಿ ಎಂದು ಕಾರ್ತಿಕದಲ್ಲಿ ನಾನೇ ನಿಲ್ಲಿಸಿ, ನಮ್ಮ ಮನೆಯ ಅಂಗಳಕ್ಕೆ ಹತ್ತಿಸಿ ಬಿಡಲು ಹೇಳಿದ್ದೆ. ಅಲ್ಲಿ ಗಾಡಿಯ ಮೂತಿ ಮೇಲಕ್ಕಿರುತ್ತದೆ.

"ಅಲ್ಲಿಗೆ ಸರಿಹೋಯ್ತು ಬುಡಿ," ಎಂದರು ಗಂಗಮ್ಮ. ಎಲ್ಲೋ ಗಾಳಿ ಎಳೆಯುತ್ತಿದೆ, ಮೂತಿ ಮೇಲಿದ್ದರೆ ಡೀಸೆಲ್ಲೆಲ್ಲ ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗುತ್ತದೆ, ಮೂತಿ ಕೆಳಗಿದ್ದರೆ ಇಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಫಿಲ್ಟರ್ ಬದಲಾಯಿಸಿದ್ದು, ನಿಲ್ಲಿಸುವ ಜಾಗ ಬದಲಾಯಿಸಿದ್ದು, ಚಳಿ ಬಿದ್ದದ್ದು, ಮೂರೂ ಒಂದೇ ತಿಂಗಳಲ್ಲಿ. ಹೀಗೆ ಕಾರಣಗಳು ಒಂದರೊಳಗೊಂದು ಬೆರೆತಾಗ ಮೋಸ ಹೋಗಬೇಡಿ ಎಂದು ವರ್ಷವರ್ಷವೂ ತರಗತಿಯಲ್ಲಿ ಪಾಠ ಮಾಡುವವನು ನಾನು.

ಫಿಲ್ಟರಿಗೆ ಪೈಪು ಸೇರುವ ಬೋಲ್ಟ್ ಬಿಚ್ಚಿದಾಗ ಉತ್ತರ ಸಿಕ್ಕಿತು. ತಾಮ್ರದ ವಾಷರ್ ಹಳೆಯದು, ಒಂದು ಕಡೆ ಚಪ್ಪಟೆಯಾಗಿತ್ತು. ಗಾಳಿ ಒಳಹೋಗುತ್ತಿದ್ದದ್ದು ಅಲ್ಲಿಂದಲೇ. ಹೊಸದು ಹಾಕದೆ ಹಳೆಯದನ್ನೇ ಕೂರಿಸಿದ್ದಾರೆ, ಯಾರು ಹಾಕಿದ್ದು ಎಂದು ಅವರು ಕೇಳಿದರು.

"ಇವನೇ," ಎಂದೆ ನಾನು.

ನಿಂಗಣ್ಣ ಕೈ ಒರೆಸಿಕೊಳ್ಳುತ್ತಿದ್ದ. ಅವನು ಒಪ್ಪದಿದ್ದರೆ ಇರಲಿ ಎಂದು, ತಾರೀಖು ತೋರಿಸಲು ಫೋನಿನಲ್ಲಿ ಫೋಟೊ ಹುಡುಕಿದೆ. ಅವತ್ತು ಫೋಟೊ ತೆಗೆದದ್ದು ನೆನಪಿತ್ತು. ಸಿಕ್ಕಿತು. ಎಡಗೈಯಲ್ಲಿ ಹಳೆ ಫಿಲ್ಟರ್, ಕೆನ್ನೆಯಲ್ಲಿ ಮಸಿ, ಹಲ್ಲು ಕಿರಿದುಕೊಂಡು ನಿಂತವನು ನಾನೇ. ಕೆಳಗೆ ನಾನೇ ಬರೆದ ಸಾಲು: 'ಇವತ್ತು ಮೇಷ್ಟ್ರೇ ಮೆಕ್ಯಾನಿಕ್.' ಆಗ ಎಲ್ಲ ನೆನಪಾಯಿತು. ಅದು ಭಾನುವಾರ. ನಿಂಗಣ್ಣ ರಜೆಯಲ್ಲಿದ್ದ. ವಿಡಿಯೊ ನೋಡಿಕೊಂಡು ಹೆಮ್ಮೆಯಿಂದ ನಾನೇ ಬದಲಾಯಿಸಿದ್ದೆ. ನಿಂಗಣ್ಣ ಸ್ಪ್ಯಾನರ್ ಕಚ್ಚಿಕೊಂಡು ಕೂತಿದ್ದು ಅಪ್ಪನ ಕಾಲದ್ದು ಇರಬೇಕು. ಇವತ್ತಿಗೂ ಆ ಚಿತ್ರವೇ ನನಗೆ ನಿಚ್ಚಳ. ಫೋಟೊದಲ್ಲಿ ಇರುವುದು ನೆನಪಿನಲ್ಲಿ ಮಸುಕು.

ನಾನು ಫೋನು ಹಿಡಿದು ನಿಂತದ್ದನ್ನು ನೋಡಿ ಗಂಗಮ್ಮನಿಗೆ ಅರ್ಥವಾಯಿತೋ ಏನೋ. ಪರದೆಯ ಕಡೆ ಬಗ್ಗಿ ನೋಡಲಿಲ್ಲ. ವಾಷರನ್ನು ಇಕ್ಕಳದಲ್ಲಿ ಹಿಡಿದು ಪಕ್ಕದ ಹೋಟೆಲಿನ ಒಲೆಗೆ ಒಯ್ದು, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ತಾಮ್ರ ಕಾದರೆ ಮೆತ್ತಗಾಗುತ್ತದೆ, ಮತ್ತೆ ಕೂರುತ್ತದೆ, ಹೊಸದು ಸಿಗುವವರೆಗೆ ಇದು ಸಾಕು ಎಂದರು. ಬೋಲ್ಟ್ ಬಿಗಿದು, ಗುಳ್ಳೆ ನಿಲ್ಲುವವರೆಗೂ ಪಂಪು ಒತ್ತಿಸಿದರು. ನಿಂಗಣ್ಣ ಕೀ ತಿರುಗಿಸಿದ. ಎರಡನೇ ಸುತ್ತಿಗೇ ಎಂಜಿನ್ ಹಿಡಿಯಿತು.

ಅಷ್ಟರಲ್ಲಿ ಆ ಡ್ರೈವರ್ ಬಂದ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ನಾಳಿಂದ್ಲೇ ಬರ್ಲಾ ಸಾರ್?" ಎಂದ.

ನಿಂಗಣ್ಣ ಸ್ಟೀರಿಂಗ್ ಮುಂದೆ ಕೂತಿದ್ದ. ಕೇಳಿಸಿತು. ಎಂಜಿನ್ ಆರಿಸಿ ಕೆಳಗಿಳಿದು, ಕೀ ನನ್ನ ಕಡೆ ಚಾಚಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಾನು ಬಂದವನಿಗೆ ಕೈಮುಗಿದು, ತಪ್ಪು ತಿಳಿದು ನಿಮ್ಮನ್ನು ಕರೆಸಿದೆ, ತಪ್ಪು ನನ್ನದು ಎಂದೆ. ಆತ ಗೊಣಗಿಕೊಂಡು ಹೋದ. ಕೀಯನ್ನು ನಿಂಗಣ್ಣನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿ, ಅವನಿಗೂ ಗಂಗಮ್ಮನಿಗೂ ಫೋಟೊ ತೋರಿಸಿದೆ. ಗಂಗಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಫಿಲ್ಟ್ರು ಚೆನ್ನಾಗ್ ಹಿಡ್ಕಂಡಿದೀಯಪ್ಪ, ಬೋಲ್ಟ್ ಮಾತ್ರ ಇವನ ಕೈಲಿ ಹಾಕ್ಸು," ಎಂದರು. ನಿಂಗಣ್ಣ ನಕ್ಕ. ಕೂಲಿ ಅಂತ ಅವರು ಏನೂ ಮುಟ್ಟಲಿಲ್ಲ. ಗಾಡಿಯಲ್ಲಿ ಉಳಿದಿದ್ದ ಒಂದು ಮೊಳ ಸೇವಂತಿಗೆಯನ್ನು ಮಾತ್ರ ಗಿರಣಿಯ ದೇವರ ಪಟಕ್ಕೆ ಇಸಿದುಕೊಂಡರು.

ವಾಪಸು ಬರುವಾಗ, ಅವತ್ತು ನೀನು ರಜೆಯಲ್ಲಿದ್ದೆ ಎಂದು ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ:

"ಮೊದ್ಲು ಹೇಳಾಣ ಅಂತ್ಲೇ ಇದ್ದೆ ಸಾ. ನೀವು ಕಣ್ಣಾರೆ ಕಂಡಂಗೆ ಹೇಳ್ತಿದ್ರಿ. ದಿನಾ ಕೇಳ್ತಾ ಕೇಳ್ತಾ ನಂಗೂ ಅಂಗೇ ಅನ್ಸಕ್ಕೆ ಸುರುವಾಯ್ತು, ನಾನೇ ಹಾಕಿದ್ನೇನೋ ಅಂತ."

ಗಂಗಮ್ಮನ ಉಪಕಾರ ನೆನೆದಾಗಲೆಲ್ಲ ಎಂಜಿನ್ ಹಿಡಿದ ಸದ್ದಿಗಿಂತ ಮೊದಲು ಈ ಮಾತು ಕಿವಿಗೆ ಬೀಳುತ್ತದೆ. ಅವತ್ತು ಅವರು ಹಿಟ್ಟಿನ ಕೈ ಒರೆಸಿಕೊಂಡು ಹೊರಬಾರದೆ ಇದ್ದಿದ್ದರೆ, ನಿಂಗಣ್ಣ ಮಾಡದ ತಪ್ಪನ್ನು ತನ್ನದೆಂದೇ ನಂಬಿಕೊಂಡು ಮನೆಗೆ ಹೋಗುತ್ತಿದ್ದ. ನಾನೂ ಹಾಗೇ ನಂಬಿಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆ.